ಅತ್ತೆಯ ಕೋಣೆಗೆ ಡಿಮ್ಮರ್

ಕಣ್ಣಿನ ಆಪರೇಷನ್ ಆದ ಮೇಲೆ ಅತ್ತೆಗೆ ಜೋರು ಬೆಳಕು ಚುಚ್ಚುತ್ತಿತ್ತು. ಕೋಣೆಗೊಂದು ಬೆಳಕು ತಗ್ಗಿಸುವ ಡಿಮ್ಮರ್ ಬೇಕೆಂದಾಗ ಅವರು ಕರೆದದ್ದು ಚಿಕ್ಕಳಿಯನನ್ನು! ಅವನಿಗೆ ವೈರಿಂಗ್ ಕಲಿಸಿದವನು ನಾನು. ಆ ಮನೆಗೆ ಮೊದಲು ಅಳಿಯನಾಗಿ ಬಂದವನೂ ನಾನೇ. ಹೊಟ್ಟೆ ಉರಿಯದೆ ಇರುತ್ತದೆಯೇ?

"ನಿಮ್ಮಮ್ಮನ ಕಣ್ಣಿಗೆ ನಾನು ಕಾಣೋದೇ ಇಲ್ವಾ?" ಎಂದು ಹೆಂಡತಿಯ ಮೇಲೆ ಹಾರಾಡಿದೆ.

"ಅವರಿಗೀಗ ಯಾರೂ ಸರಿಯಾಗಿ ಕಾಣಲ್ಲ ರೀ," ಎಂದಳು ಮಹಾರಾಯ್ತಿ.

ಏನೋ ನೆವ ಹೇಳಿಕೊಂಡು ಅತ್ತೆಯ ಮನೆಗೆ ಹೋದೆ. ಚಿಕ್ಕಳಿಯ ಡಿಮ್ಮರಿನ ಗುಂಡಿ ತಿರುಗಿಸುತ್ತ ಪಾಠ ಹೇಳುತ್ತಿದ್ದ. "ನಲ್ಲಿ ಇದ್ದ ಹಾಗೆ ಅತ್ತೆ, ತಿರುಗಿಸಿದ್ರೆ ಕರೆಂಟು ಸಣ್ಣಗೆ ಬರುತ್ತೆ."

ಅವನ ತಲೆ! ಡಿಮ್ಮರ್ ನಲ್ಲಿಯಲ್ಲ. ಅದು ಕಣ್ಣಿಗೆ ಗೊತ್ತಾಗದಷ್ಟು ಬೇಗ ಬೇಗ ಕರೆಂಟನ್ನು ಕಡಿದು ಕಡಿದು ಬಿಡುತ್ತದೆ. ಕಡಿದ ಹೊತ್ತು ಹೆಚ್ಚಾದಷ್ಟೂ ಬೆಳಕು ಮಂದ. ಹಳೆಯ ತಂತಿ ಬಲ್ಬಾದರೆ ನಡುವೆ ಕಾವು ಉಳಿಸಿಕೊಂಡು ಒಂದೇ ಸಮನೆ ಉರಿಯುತ್ತದೆ. ಇವನು ಹಾಕಿದ್ದು ಸಾದಾ ಎಲ್‌ಇಡಿ. ಡಿಮ್ಮರಿಗೆಂದೇ ಮಾಡಿದ್ದಲ್ಲದಿದ್ದರೆ ತಗ್ಗಿಸಿದಾಗ ಮಿಣಮಿಣ ಎನ್ನುತ್ತದೆ. ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಇವನ ಮರ್ಯಾದೆ ಹೋಗಲಿ, ಆಮೇಲೆ ನನ್ನನ್ನೇ ಕರೆಯುತ್ತಾರೆ ಎಂದು ಕಾದೆ.

ಕರೆಯಲೇ ಇಲ್ಲ. ತಡೆಯಲಾರದೆ ಒಂದು ಸಂಜೆ ಸರಿಯಾದ ಬಲ್ಬು ಹಿಡಿದು ನಾನೇ ಹೋದೆ. ಕೋಣೆಯ ದೀಪ ಮಿಣುಕುತ್ತಿತ್ತು. ಅಬ್ಬಾ, ಎಂಥ ಸಂತೋಷ!

"ಏನತ್ತೆ ಇದು, ಕಣ್ಣಿಗೆ ಹಿಂಸೆ! ತಡೀರಿ, ಬಲ್ಬು ಬದಲಾಯಿಸಿಬಿಡ್ತೀನಿ," ಎಂದು ಸ್ಟೂಲು ಎಳೆದೆ.

"ಬೇಡ ಅಳಿಯಂದ್ರೇ, ಹಾಗೇ ಇರ್ಲಿ. ತೊಂದ್ರೆ ಆದ್ರೆ ಆರಿಸ್ಕೊಂಡು ಕೂತ್ಕೋತೀನಿ."

"ಅವನ ಕೆಲಸ ಅಷ್ಟು ಚೆನ್ನಾಗಿದೆಯಾ?"

"ಚೆನ್ನಾಗೆಲ್ಲಿದೆ! ದಿನಾ ಸಂಜೆ ಬರ್ತಾನೆ, ಬಿಚ್ತಾನೆ, ತಲೆ ಕೆರ್ಕೋತಾನೆ. ಆಮೇಲೆ ಇಲ್ಲೇ ಕೂತು ಅದೂ ಇದೂ ಹರಟೆ ಹೊಡೀತಾನೆ." ಅವನು 'ಅವನು', ನಾನು 'ನೀವು'! "ಇಡೀ ಮನೆ ವೈರಿಂಗ್ ನೀವು ಮಾಡಿದ್ದು. ಇವತ್ತಿನವರೆಗೆ ಒಂದು ಸ್ವಿಚ್ಚೂ ಕೆಟ್ಟಿಲ್ಲ. ನೀವೂ ಈ ಕಡೆ ತಲೆ ಹಾಕಿಲ್ಲ."

ಎಳೆದ ಸ್ಟೂಲನ್ನು ಮತ್ತೆ ಗೋಡೆಗೆ ತಳ್ಳಿದೆ.

ಹೊರಗೆ ಬೈಕಿನ ಸದ್ದಾಯಿತು. ಅತ್ತೆ ಕೂದಲು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಬಂದ ನೋಡಿ," ಎಂದು ಮುಖ ತುಂಬ ನಕ್ಕರು. ಇಷ್ಟು ವರ್ಷದಲ್ಲಿ ಆ ನಗು ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ.