ಕಿಟಕಿ ಮೂಲೆಯ ಕಪ್ಪು ಚೆಂಡು

ಪಾಪಣ್ಣ ಕಾಲುಮಣೆಯ ಮೇಲೆ ನಿಂತು, ಎಡಗೈಯನ್ನು ಕಿವಿಯ ಹಿಂದಿಟ್ಟು, ಕಣ್ಣು ಅರೆಮುಚ್ಚಿ ಕೂಗುತ್ತಿದ್ದ: "ಕಪ್ಪೂ... ಕಿಟಕಿ ಮೂಲೇ... ಗೇಣು ದೂರಾ." ನಮ್ಮೂರಿನ ಕ್ಲಬ್ಬನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಆ ಕಾಲುಮಣೆ. ನಾನು ಹೇಳುವ ಕತೆಗಳಲ್ಲಿ ಮುಕ್ಕಾಲು ಪಾಲು ಕಟ್ಟಿದ್ದೆಂದು ನನ್ನನ್ನು ಬಲ್ಲವರು ಬಲ್ಲರು. ಇದೊಂದು ಮಾತ್ರ ನಡೆದದ್ದು. ಕಟ್ಟಿದ್ದಾಗಿದ್ದರೆ ಕೊನೆಯನ್ನು ಬೇರೆ ಥರ ಕಟ್ಟುತ್ತಿದ್ದೆ.

ಕ್ಲಬ್ಬಿನಲ್ಲಿ ಪೂಲ್ ಮೇಜು ಇದ್ದದ್ದು ಒಂದೇ. ಗಂಡಸರು ಕಚೇರಿಯಲ್ಲೋ ನಿದ್ದೆಯಲ್ಲೋ ಇರುವ ಹೊತ್ತಿನಲ್ಲಿ (ಎರಡನ್ನೂ ಒಟ್ಟಿಗೇ ಮುಗಿಸುವವರೂ ಇದ್ದರು) ಅದು ಹೆಂಗಸರ ಪಾಲಿಗೆ ಬರುತ್ತಿತ್ತು. ವರ್ಷಕ್ಕೊಮ್ಮೆ ನಮ್ಮದೇ ಪಂದ್ಯಾವಳಿ. ಗೆದ್ದವಳಿಗೆ ಸಿಗುತ್ತಿದ್ದದ್ದು ಗೋಡೆಯ ತೇಗದ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಹೆಸರು, ಅಷ್ಟೆ. ತನ್ನ ಪಾಲಿನ ಏಳು ಚೆಂಡುಗಳನ್ನು ಮೇಜಿನಂಚಿನ ಪಾಕೆಟ್ಟುಗಳಿಗೆ ಇಳಿಸಿ, ಕೊನೆಗೆ ಕಪ್ಪನ್ನು ಇಳಿಸಿದವಳು ಗೆದ್ದಳು. ಕಪ್ಪಿನ ಸರದಿಯಲ್ಲಿ, ಕೋಲಿನಿಂದ ಹೊಡೆಯುವ ಬಿಳಿ ಚೆಂಡೇ ಬಿದ್ದುಹೋದರೆ ಅಲ್ಲಿಗೆ ಸೋತಳು.

ಹಿಂದಿನ ಬೆಂಚಿನವರಿಗೆ ಮೇಜು ಕಾಣದೆಂದು, ಪ್ರತಿ ಹೊಡೆತಕ್ಕೂ ಮುಂಚೆ ಚೆಂಡು ಎಲ್ಲಿದೆಯೆಂದು ಚೆಂಡು ಜೋಡಿಸಿ ಆಟ ನೋಡಿಕೊಳ್ಳುವ ಮಾರ್ಕರ್ ಪಾಪಣ್ಣ ಕೂಗಬೇಕೆಂಬುದು ಯಾವ ಕಾಲದಿಂದಲೋ ಬಂದ ಪದ್ಧತಿ. ಮೂಲೆಯ ಪಾಕೆಟ್ಟುಗಳಿಗೆಲ್ಲ ಕೋಣೆಯಲ್ಲಿ ಅದಕ್ಕೆ ಹತ್ತಿರವಿದ್ದದ್ದರ ಹೆಸರು: ಕಿಟಕಿ ಮೂಲೆ, ಬಾಗಿಲ ಮೂಲೆ, ಬೀರು ಮೂಲೆ, ಗಡಿಯಾರದ ಮೂಲೆ. ದೂರಕ್ಕೆ ಗೇಣು, ಬೆರಳುಗಳ ಲೆಕ್ಕ. ಕೂಗು ತಪ್ಪಿ ತಾನು ದಾರಿ ತಪ್ಪಿದೆನೆಂದು ಆಟಗಾರ್ತಿ ಬಾಯಿಬಿಟ್ಟು ಹೇಳಿದರೆ ಹೊಡೆತ ಮತ್ತೆ ಅವಳದೇ. ಹಾಗೆ ಯಾರೂ ಕೇಳಿದ್ದಿಲ್ಲ. ಮೇಜು ಕಣ್ಣೆದುರಿಗಿರುವಾಗ ಕೂಗನ್ನು ನಂಬಿ ಹೊಡೆಯುವವರು ಯಾರು?

ಅಂಬುಜಕ್ಕ ಹದಿನಾಲ್ಕು ವರ್ಷದಿಂದ ಆಡುತ್ತಿದ್ದರು. ಕನ್ಯಾಶಾಲೆಯಲ್ಲಿ ಹೊಲಿಗೆ ಮೇಡಂ ಆಗಿದ್ದವರು, ನಿವೃತ್ತಿಗೆ ಇನ್ನೂ ಎರಡು ವರ್ಷ ಇರುವಾಗಲೇ ಬೇಜಾರಾಯಿತೆಂದು ಬಿಟ್ಟರು. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದರು. ಈ ವಯಸ್ಸಿನಲ್ಲಿ ಕೋಲು ಹಿಡಿದು ಬಗ್ಗುವುದೇನು ಚೆಂದವೆಂದು ಆ ಅಣ್ಣ ಊಟದೆಲೆಯ ಮುಂದೆ ದಿನವೂ ಗೊಣಗುತ್ತಿದ್ದರಂತೆ. ಹಲಗೆಯ ಮೇಲೆ ಹೆಸರು ಬಂದ ದಿನ ಅವನನ್ನೇ ಕರೆತಂದು ತೋರಿಸುತ್ತೇನೆ ಎನ್ನುತ್ತಿದ್ದರು ಅಕ್ಕ. ನನ್ನ ಹೆಸರು ಅದರ ಮೇಲೆ ಎರಡು ಸಲ ಬಂದಿತ್ತು. ಅವರದು ಒಮ್ಮೆಯೂ ಇಲ್ಲ.

ಆ ವರ್ಷ ಸೆಮಿಫೈನಲ್ಲಿನಲ್ಲಿ ಅವರು ನನ್ನನ್ನೇ ಸೋಲಿಸಿದರು. ಪ್ರತಿ ಹೊಡೆತಕ್ಕೂ "ಪಾಪಣ್ಣ, ಕೇಳಿಸಲಿಲ್ಲ, ಇನ್ನೊಂದ್ಸಲ" ಎಂದು ಕೂಗಿಸಿಕೊಳ್ಳುವುದು, ಆ ಪಾಕೆಟ್ಟಿನವರೆಗೆ ನಡೆದುಹೋಗಿ ಅದರ ಅಂಚನ್ನು ಅಂಗೈಯಿಂದ ಮುಟ್ಟಿ ಬರುವುದು, ಆಮೇಲೆ ಬಗ್ಗಿ ಹೊಡೆಯುವುದು. ಅಕ್ಕನಿಗೆ ಕಿವಿ ಹೋಯಿತು, ಅದಕ್ಕೇ ಭಕ್ತಿ ಬಂತು ಎಂದು ನಾನು ಎಲ್ಲರನ್ನೂ ನಗಿಸಿದೆ. ಕಿವುಡಿಯ ಕೈಲಿ ಸೋತೆನಲ್ಲ ಎಂಬ ಉರಿ ಮಾತ್ರ ಒಳಗೇ ಉಳಿಯಿತು.

ಫೈನಲ್ಲಿನ ದಿನ ಪಾಪಣ್ಣನ ಗಂಟಲು ಕಟ್ಟಿತ್ತು. ಬಾಯಿ ತೆರೆದರೆ ಬರೀ ಗಾಳಿ. ಬೆಂಚಿನವರೆಲ್ಲ ನನ್ನ ಕಡೆ ತಿರುಗಿದರು. ಕಾಲೇಜಿನಲ್ಲಿ ಕಲಿತದ್ದರಲ್ಲಿ ಪ್ರೊಫೆಸರರ ಕೆಮ್ಮು ಬಿಟ್ಟು ನನಗೇನೂ ನೆನಪಿರಲಿಲ್ಲ. ಆ ಕೆಮ್ಮನ್ನು ಮಾತ್ರ ಪ್ರೊಫೆಸರರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ನಾನು ಕಾಲುಮಣೆ ಹತ್ತಿ, ಕಿವಿಯ ಹಿಂದೆ ಕೈಯಿಟ್ಟು, ಪಾಪಣ್ಣನ ರಾಗದಲ್ಲೇ ಕೂಗತೊಡಗಿದೆ. ಪ್ರತಿ ಕೂಗಿಗೂ ನಗೆ. ಗಂಟಲಿಲ್ಲದ ಪಾಪಣ್ಣನೂ ಹೊಟ್ಟೆ ಹಿಡಿದುಕೊಂಡು ಕುಲುಕಿದ.

ಎದುರಾಳಿ ಪ್ರಫುಲ್ಲಾ, ಡಾಕ್ಟರ ಸೊಸೆ, ಚೆನ್ನಾಗಿಯೇ ಆಡಿದಳು. ಆದರೆ ಅಕ್ಕ ಅಂದು ಯಾರಿಗೂ ಸಿಗುವಂತಿರಲಿಲ್ಲ. ಒಂದೊಂದಾಗಿ ಏಳೂ ಇಳಿದವು. ಉಳಿದದ್ದು ಕಪ್ಪು, ಕಿಟಕಿ ಮೂಲೆಯಿಂದ ಒಂದು ಗೇಣು, ಬಿಳಿಗೆ ನೇರ. ಪುಟ್ಟ ಮಗುವೂ ಹೊಡೆಯಬಹುದಾದ ಚೆಂಡು. ಹದಿನಾಲ್ಕು ವರ್ಷ ಆ ಒಂದು ಗೇಣಿಗೆ ಬಂದು ನಿಂತಿತ್ತು.

ಅಷ್ಟು ಸುಲಭವಾಗಿ ಮುಗಿಯುವುದು ನನಗೆ ಸಪ್ಪೆಯೆನಿಸಿತು. ಉರಿಯೂ ಇತ್ತು, ಇರಲಿಲ್ಲವೆಂದರೆ ಸುಳ್ಳು. ಎಲ್ಲರ ಕಣ್ಣೆದುರು ಕಪ್ಪು ಚೆಂಡು ಕಿಟಕಿಯ ಕೆಳಗಿರುವಾಗ ನಾನು ಪೂರ್ತಿ ರಾಗವೆಳೆದು ಕೂಗಿದೆ:

"ಕಪ್ಪೂ... ಬೀರು ಮೂಲೇ... ಗೇಣು ದೂರಾ... ನೇರಾ."

ಬೆಂಚುಗಳು ಗೊಳ್ಳೆಂದವು. ಅಂಬುಜಕ್ಕ ಬೀರುವಿನ ಮೂಲೆಗೆ ನಡೆದು ಪಾಕೆಟ್ಟಿನ ಅಂಚನ್ನು ಮುಟ್ಟಿದರು. ನಗೆ ಇನ್ನೂ ಏರಿತು. ಅಕ್ಕನೂ ನನ್ನ ನಾಟಕಕ್ಕೆ ಪಾತ್ರ ಕಟ್ಟುತ್ತಿದ್ದಾರೆ ಎಂದುಕೊಂಡು ನಾನು ಹಿಗ್ಗಿದೆ. ಅವರು ಹಿಂತಿರುಗಿ ಬಂದರು. ಸೆರಗನ್ನು ಸೊಂಟಕ್ಕೆ ಬಿಗಿದರು. ಬಗ್ಗಿದರು. ಆ ಮುಖದಲ್ಲಿ ನಾಟಕವಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಬಿಳಿ ಚೆಂಡು ಬರಿದಾದ ಹಸಿರು ಬಟ್ಟೆಯ ಮೇಲೆ ನೇರವಾಗಿ, ಅಚ್ಚುಕಟ್ಟಾಗಿ ಓಡಿ, ಬೀರು ಮೂಲೆಯ ಪಾಕೆಟ್ಟಿನೊಳಗೆ ಬಿತ್ತು. ಚೆಂಡಿಗೆ ಚೆಂಡು ತಾಗುವ ಸದ್ದಿಗಾಗಿ ಅವರು ಕತ್ತು ಓರೆ ಮಾಡಿ ಕಾಯುತ್ತಲೇ ಇದ್ದರು.

ಬೆಂಚಿನವರು ಕತ್ತು ಚಾಚಿದರು. ನಾನು ಕಾಲುಮಣೆಯಿಂದ ಇಳಿದು ಅವರ ಬಳಿಗೆ ಓಡಿದೆ. ಮಗ್ಗುಲಲ್ಲಿ ನಿಂತು ತಗ್ಗಿದ ದನಿಯಲ್ಲಿ, ಕೂಗು ತಪ್ಪಿತೆಂದು ಒಂದು ಮಾತು ಹೇಳಿಬಿಡಿ, ಮತ್ತೆ ಹೊಡೆಯಬಹುದು ಎಂದೆ.

"ಎಲ್ಲಿತ್ತು?" ಎಂದರು.

"ಕಿಟಕಿ ಮೂಲೆ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಚೆಂಡು ಅಲ್ಲೇ ದೀಪದಡಿ ಹೊಳೆಯುತ್ತ ಕೂತಿತ್ತು.

"ಕೂಗು ತಪ್ಪಿತು ಅಂದ್ರೆ, ಕಾಣಲಿಲ್ವಾ ಅಂತ ಕೇಳ್ತಾರೆ ಕಣೇ," ಎಂದರು ಮೆಲ್ಲಗೆ. "ಅಣ್ಣನ ಕಿವಿಗೆ ಬಿದ್ದರೆ ನಾಳೆಯಿಂದ ಹೊಸಲು ದಾಟೋದೇ ಇಲ್ಲ."

"ಎಷ್ಟು ದಿನದಿಂದ, ಅಕ್ಕ?"

"ಬಣ್ಣದ್ದು ಇನ್ನೂ ಮಸುಕಾಗಿ ಗೊತ್ತಾಗುತ್ತೆ. ಕಪ್ಪು ಹೋಗಿ ಎರಡು ವರ್ಷ ಆಯ್ತು."

ನಾನೇ ಎಲ್ಲರಿಗೂ ಹೇಳುತ್ತೇನೆ, ತಪ್ಪು ನನ್ನದು ಎಂದೆ. ಅವರು ನನ್ನ ಮುಂಗೈ ಹಿಡಿದರು. ಹೊಲಿಗೆಯ ಬೆರಳುಗಳು, ಹಿಡಿತ ನೋವಾಗುವಷ್ಟು ಗಟ್ಟಿಯಾಗಿತ್ತು.

"ಬೇಡ. ಬೇಕಂತಲೇ ಹೊಡೆದೆ ಅಂದುಕೊಳ್ಳಲಿ. ನೀನು ನಗು. ನೀನು ನಗದೆ ಇದ್ರೆ ಎಲ್ಲರಿಗೂ ಅನುಮಾನ ಬರುತ್ತೆ."

ಊರಿನ ಯಾರ ನಗೆಯನ್ನಾದರೂ ನಕ್ಕು ತೋರಿಸುತ್ತಿದ್ದವಳಿಗೆ ಆಗ ಒಂದೂ ಬರಲಿಲ್ಲ. ಹಲ್ಲು ಕಾಣಿಸಿದೆ, ದನಿ ಹೊರಡಲಿಲ್ಲ. ಅಕ್ಕ ಒಂದು ಕ್ಷಣ ಕಾದರು. ಆಮೇಲೆ ನನ್ನ ಕೈ ಬಿಟ್ಟು, ಬೆಂಚುಗಳ ಕಡೆ ತಿರುಗಿ, ತಲೆ ಹಿಂದಕ್ಕೆ ಚೆಲ್ಲಿ ತಾವೇ ನಕ್ಕರು. "ನೋಡ್ರೇ, ಇವಳ ಮಾತು ಕೇಳಿ ಹಲಗೆ ಕಳಕೊಂಡೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಕೋಣೆಗೆ ಉಸಿರು ಬಂತು. ಎಂಥ ದೊಡ್ಡ ಮನಸ್ಸು, ತಮಾಷೆಗೋಸ್ಕರ ಫೈನಲ್ಲನ್ನೇ ಬಿಟ್ಟುಕೊಟ್ಟರಲ್ಲ ಎಂದು ಯಾರೋ ಅಂದರು. ನಗೆಯೆಲ್ಲ ಪ್ರಫುಲ್ಲಾಳನ್ನು ಸುತ್ತುವರಿದು ಕಾಫಿಗೆಂದು ಜಗುಲಿಗೆ ಸಾಗಿತು. ಪಾಪಣ್ಣನೂ ಲೋಟ ಜೋಡಿಸಲು ಹೋದ.

ಅಂಬುಜಕ್ಕ ಮೇಜಿನ ಅಂಚಿಗೆ ಒರಗಿ, ಬೆಂಚುಗಳನ್ನೇ ನೋಡುತ್ತ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಬೆಂಚುಗಳು ಖಾಲಿಯಾಗಿದ್ದವು. ನಾನು ಸದ್ದಾಗದಂತೆ ನಡೆದುಹೋಗಿ ಮುಂದಿನ ಸಾಲಿನಲ್ಲಿ, ಅವರ ಮುಖ ತಿರುಗಿದ್ದ ಕಡೆ, ಕುಳಿತೆ. ಅವರು ನಗುತ್ತಲೇ ಇದ್ದರು.