ಸಾಕುವವರಿಗೆ ಮಾತ್ರ

ಎಲ್ಲ ಶುರುವಾದದ್ದು ಕುರಿಯ ಬಾಲದ ಕೊಬ್ಬಿನಿಂದ. ನಮ್ಮ ಗುಂಪಿನಲ್ಲಿದ್ದ ಒಬ್ಬ ಅಜ್ಜಿ, ಹಲ್ಲು ಬರುವ ಮಗುವಿಗೆ ಕೊಬ್ಬಿನ ತುಂಡು ಚೀಪಲು ಕೊಡಿ, ನಮ್ಮ ಮಕ್ಕಳೆಲ್ಲ ಹಾಗೆಯೇ ಬೆಳೆದವು ಎಂದು ಬರೆದಿದ್ದಳು. ಟೋಕ್ಮೋಕ್ ಕಡೆಯ ಹುಡುಗಿಯೊಬ್ಬಳು, ಆಗಷ್ಟೇ ಚೊಚ್ಚಲ ಬಾಣಂತನ ಮುಗಿಸಿದವಳು, ಅದನ್ನು ನಂಬಿದಳು. ತುಂಡು ಗಂಟಲಿಗೆ ಸಿಕ್ಕಿ ಮಗು ನೀಲಿಗಟ್ಟಿತು. ಆಸ್ಪತ್ರೆಯವರು ಉಳಿಸಿಕೊಟ್ಟರು. ಆದರೆ ಆ ಹುಡುಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆದದ್ದನ್ನು ಓದಿದ ಯಾರೂ ಸುಮ್ಮನಿರಲಿಲ್ಲ. ಮುದುಕಿಯರನ್ನು ಹೊರಗೆ ಹಾಕಿ ಎಂದರು. ಹದಿನೆಂಟು ತುಂಬದವರನ್ನು ನಾವು ಮೊದಲಿನಿಂದಲೂ ಸೇರಿಸುತ್ತಿರಲಿಲ್ಲ. ಈಗ ಮೇಲೆಯೂ ಒಂದು ಗೆರೆ ಬೇಕು, ನಲವತ್ತೈದು ದಾಟಿದವರು ಬೇಡ ಎಂಬುದು ಎಲ್ಲರ ಒತ್ತಾಯ.

ಗುಂಪಿನ ಹೆಸರು 'ತೊಟ್ಟಿಲು'. ಫೋನಿನಲ್ಲಿ ನಡೆಯುವ ತಾಯಂದಿರ ಗುಂಪು. ಅದನ್ನು ನೋಡಿಕೊಳ್ಳುತ್ತಿದ್ದವರು ನಾವು ಮೂವರು. ನಾನು ಮತ್ತು ಬೆಗಾಯಿಮ್ ರಾಜಧಾನಿ ಬಿಷ್ಕೆಕ್‌ನ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಮಷೀನಿನವರು. ಮೂರನೆಯವಳು ಮೀರಿಮ್, ಹಿಂದೆ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಮೂರು ಮಕ್ಕಳ ತಾಯಿ, ಯಾವುದನ್ನೂ ನಾಳೆಗೆ ಇಡುವವಳಲ್ಲ. ನಿಯಮಗಳನ್ನು ಬರೆಯುವ ಕೆಲಸ ನನ್ನದು. ಸಂಜೆ ಕಾಲೇಜಿನಲ್ಲಿ ಓದಿದವಳೆಂದು ಅವರಿಬ್ಬರೂ ಅದನ್ನು ನನಗೆ ಬಿಟ್ಟಿದ್ದರು. ಒಂದು ಸಾಲು ಬರೆದರೆ ನಾಲ್ಕು ಸಲ ತಿದ್ದುವವಳು ನಾನು. ತಿದ್ದಿದ ಮೇಲೂ, ಇದು ಯಾರಿಗಾದರೂ ಚುಚ್ಚುತ್ತದೋ ಏನೋ ಎಂಬ ಅಳುಕು ಹೋಗುತ್ತಿರಲಿಲ್ಲ.

ಆ ಸಲ ಯಾರಿಗೆ ಚುಚ್ಚುತ್ತದೆ ಎಂಬುದು ನನಗೆ ಮೊದಲೇ ಗೊತ್ತಿತ್ತು.

ಬೆಗಾಯಿಮ್‌ಗೆ ಒಬ್ಬ ಮಗನಿದ್ದಾನೆ, ತಿಲೆಕ್. ಹುಟ್ಟಿ ನಲವತ್ತು ದಿನ ಕಳೆದ ಮೇಲೆ ಅವನನ್ನು ಅತ್ತೆಯ ಮಡಿಲಿಗೆ ಹಾಕಿದರು. ಚೊಚ್ಚಲ ಮಗು ಅಜ್ಜ ಅಜ್ಜಿಯದು ಎನ್ನುವುದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆದುಬಂದದ್ದು. ನನ್ನ ದೊಡ್ಡಣ್ಣನೂ ಹಾಗೆ ಬೆಳೆದವನೇ. ಹಾಗೆ ಬೆಳೆದ ಮಗು ಅಜ್ಜಿಯನ್ನು ಅವ್ವ ಎನ್ನುತ್ತದೆ. ಹೆತ್ತವಳು ಅದಕ್ಕೆ ಅತ್ತಿಗೆ, ಅಪ್ಪ ಅಣ್ಣ. ಒಂದನ್ನು ಕೊಟ್ಟರೇನು, ಇನ್ನೊಂದು ಹುಟ್ಟುತ್ತದೆ, ಮತ್ತೊಂದು ಹುಟ್ಟುತ್ತದೆ, ತಾಯಿಯ ಕೈ ತುಂಬುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಬೆಗಾಯಿಮ್‌ಗೆ ಮತ್ತೆ ಹುಟ್ಟಲಿಲ್ಲ. ಗಂಡ ಎಲ್ದಿಯಾರ್ ನಗರದಲ್ಲಿ ಮಿನಿಬಸ್ಸು ಓಡಿಸುತ್ತಾನೆ. ಮಗನನ್ನು ಕರೆತರೋಣ ಎಂದರೆ, ಅವ್ವನಿಗೆ ಕೊಟ್ಟಾಯಿತಲ್ಲ, ಅವನೀಗ ನನ್ನ ತಮ್ಮ, ನಿನ್ನ ಮೈದುನ ಎಂದು ನಗುತ್ತಿದ್ದನಂತೆ.

ಅತ್ತೆ ಉರ್ಕಿಯಾ ಇರುವುದು ದೂರದ ಬೆಟ್ಟಸೀಮೆಯಲ್ಲಿ, ಆತ್‌ಬಾಶಿಯ ಆಚೆಯ ಹಳ್ಳಿಯಲ್ಲಿ. ಸೊಸೆ ಫೋನ್ ಮಾಡಿದಾಗಲೆಲ್ಲ ಅವರದು ಒಂದೇ ಮಾತು, ಹುಡುಗ ಚೆನ್ನಾಗಿದ್ದಾನೆ. ಒಂದು ಸಲ ಬೆಗಾಯಿಮ್ ತಡೆಯಲಾರದೆ, ಅವನಿಗೆ ಕಿವಿ ಸರಿಯಾಗಿ ಕೇಳುತ್ತದೆಯೇ ಎಂದು ಕೇಳಿಬಿಟ್ಟಳು. ಹಬ್ಬಕ್ಕೆ ಹೋದಾಗ ಅವಳಿಗೆ ಅನುಮಾನ ಬಂದಿತ್ತು. ಅದಾದ ಮೇಲೆ ಆ ಚಳಿಗಾಲವಿಡೀ ಅವಳು ಫೋನ್ ಮಾಡಿದಾಗಲೆಲ್ಲ ಹುಡುಗ ಮಲಗಿರುತ್ತಿದ್ದ, ಇಲ್ಲವೇ ಹೊರಗೆ ಆಡುತ್ತಿರುತ್ತಿದ್ದ. ದನಿ ಕೂಡ ಕೇಳಿಸಲಿಲ್ಲ.

ಆ ಚಳಿಗಾಲದಲ್ಲೇ ಒಂದು ದಿನ ನಮ್ಮ ಗುಂಪಿಗೆ 'ತಿಲೆಕ್‌ನ ಅವ್ವ' ಎಂಬ ಹೆಸರಿನಲ್ಲಿ ಒಬ್ಬರು ಸೇರಿದರು. ಚಿತ್ರದಲ್ಲಿ ಕತ್ತೆಯ ಮೇಲೆ ಕೂತ ಹುಡುಗ. ಬೆಗಾಯಿಮ್ ಮಷೀನು ನಿಲ್ಲಿಸಿ ಆ ಚಿತ್ರವನ್ನು ನನಗೆ ತೋರಿಸಿದಳು. ಅದು ತನ್ನ ಸೊಸೆಯ ಗುಂಪೆಂದು ಅತ್ತೆಗೆ ಗೊತ್ತಿರಲಿಲ್ಲ.

ಸೊಸೆಗೆ ಹೇಳದ್ದನ್ನೆಲ್ಲ ಉರ್ಕಿಯಾ ಗುರುತಿಲ್ಲದ ಹೆಂಗಸರಿಗೆ ಹೇಳುತ್ತಿದ್ದರು. ಹುಡುಗ ಏನು ತಿಂದ, ಯಾಕೆ ಅತ್ತ, ಯಾವ ಹಲ್ಲು ಬಿತ್ತು. ಹಿಂದಿನಿಂದ ಕರೆದರೆ ಕತ್ತನ್ನೂ ತಿರುಗಿಸುವುದಿಲ್ಲ, ಮುಂದೆ ನಿಂತು ಕೈ ಚಾಚಿದರೆ ಕುದುರೆಮರಿಯ ಹಾಗೆ ಓಡಿ ಬರುತ್ತಾನೆ, ಇದು ಹಟವೋ ಕಿವಿಯೋ ಎಂದು ಒಮ್ಮೆ ಕೇಳಿದರು. ಗುಂಪಿನಲ್ಲಿ ನರೀನ್ ಪಟ್ಟಣದ ಆಸ್ಪತ್ರೆಯ ನರ್ಸ್ ಒಬ್ಬಳಿದ್ದಳು. ವಸಂತದ ನೌರುಜ್ ಹಬ್ಬ ಕಳೆದ ಮೇಲೆ ಕರೆತನ್ನಿ, ಕಿವಿ ಪರೀಕ್ಷೆ ಮಾಡಿಸೋಣ ಎಂದಳು. ಊರವರು ಕಿವುಡನ ಅವ್ವ ಅಂತಾರೆ ಎಂದು ಉರ್ಕಿಯಾ ಹಿಂಜರಿದರು. ಹೆಂಗಸರು ದಿನವೂ ಧೈರ್ಯ ಹೇಳಿ ಹೇಳಿ ಒಪ್ಪಿಸಿದರು. ಅವರಲ್ಲಿ ಬೆಗಾಯಿಮ್ ಕೂಡ ಒಬ್ಬಳು. ಗುಂಪಿನಲ್ಲಿ ಅವಳಿಗೆ ಬೇರೆ ಹೆಸರಿತ್ತು. ಸ್ವಂತ ಅತ್ತೆಯನ್ನು 'ಅಕ್ಕಾ' ಎಂದು ಕರೆದು, ಹೋಗಿ ಬನ್ನಿ, ಏನೂ ಆಗಲ್ಲ ಎಂದು ಬರೆಯುತ್ತಿದ್ದಳು. ಉರ್ಕಿಯಾ ಅವಳಿಗೆ, ನಿನ್ನ ಮಕ್ಕಳು ಚೆನ್ನಾಗಿರಲಿ ತಂಗಿ ಎಂದು ಉತ್ತರ ಕೊಟ್ಟಿದ್ದರು.

ಕೊಬ್ಬಿನ ಗಲಾಟೆ ಎದ್ದದ್ದು ಇಂಥ ಹೊತ್ತಿನಲ್ಲಿ, ಹಬ್ಬಕ್ಕೆ ಸ್ವಲ್ಪ ಮುಂಚೆ. ಆ ಭಾನುವಾರ ಮೂವರೂ ನನ್ನ ಅಡುಗೆಮನೆಯಲ್ಲಿ ಸೇರಿದೆವು. ನಾನು ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಟ್ಟು ಬೋರ್ಸೋಕ್ ಕರಿದು ಇಟ್ಟಿದ್ದೆ. ಚಹಾ ಆರುತ್ತಿತ್ತು, ಯಾರೂ ಮುಟ್ಟಲಿಲ್ಲ.

"ನಲವತ್ತೈದು ಅಂತ ಬರ್ದು ಮುಗಿಸೋಣ" ಎಂದಳು ಮೀರಿಮ್. "ಬುರುಲ್ ಅಕ್ಕಂಗೆ ಇನ್ನೂ ಸ್ವಲ್ಪ ಟೈಮಿದೆ. ಆಮೇಲೆ ಅವರನ್ನೂ ಓಡಿಸೋಣ."

ಬುರುಲ್ ಎಂದರೆ ನಾನು. ನಗಲು ಪ್ರಯತ್ನಿಸಿದೆ. ನಿಧಾನವಾಗಿ ಯೋಚಿಸಬಹುದಲ್ಲ ಎಂದು ಶುರು ಮಾಡಿ, ವಾಕ್ಯವನ್ನು ಅರ್ಧಕ್ಕೇ ಬಿಟ್ಟೆ. ಮೀರಿಮ್, ಆ ಅಜ್ಜಿಯ ಮನಸ್ಸು ಒಳ್ಳೆಯದಿದ್ದರೂ ಅದರಿಂದ ಮಗುವಿನ ಗಂಟಲಿಗೆ ಸಿಕ್ಕಿದ್ದು ಬಿಡುವುದಿಲ್ಲ ಎಂದಳು. ಅವಳು ಹೇಳಿದ್ದೂ ಸರಿಯೇ.

ಆಗ ಬೆಗಾಯಿಮ್ ಬಾಯಿ ಬಿಟ್ಟಳು.

"ಆ ಕೊಬ್ಬಿನ ಅಜ್ಜಿ ಮನೇಲಿ ಮಕ್ಕಳೇ ಇಲ್ಲ ಮೀರಿಮ್. ಮೊಮ್ಮಕ್ಕಳೆಲ್ಲ ದೊಡ್ಡೋರಾಗಿದಾರೆ. ಹೊತ್ತು ಹೋಗ್ದೆ ಬಂದು ಬರೀತಿದ್ರು. ತಪ್ಪು ವಯಸ್ಸಿಂದಲ್ಲ. ಮಗು ಸಾಕ್ತಿರೋರು ಇರ್ಲಿ, ಸಾಕದೇ ಇರೋರು ಹೋಗ್ಲಿ. ಅರವತ್ತಾಗಿರ್ಲಿ, ಇಪ್ಪತ್ತಾಗಿರ್ಲಿ."

ಮೀರಿಮ್ ಯೋಚಿಸಿದಳು. ಹಟಮಾರಿಯಾದರೂ ನ್ಯಾಯ ಕಂಡರೆ ಒಪ್ಪುವವಳು ಅವಳು. ಹೌದು, ಮಕ್ಕಳು ದುಡಿಯಲು ದೂರ ಹೋಗಿ ಮೊಮ್ಮಕ್ಕಳನ್ನು ಅಜ್ಜಿಯರೇ ಸಾಕುವ ಮನೆಗಳು ಬೇಕಾದಷ್ಟಿವೆ, ಅವರನ್ನು ಓಡಿಸಿದರೆ ಅನ್ಯಾಯ ಎಂದಳು. ಆದರೆ ಸಾಕುತ್ತಿದ್ದೇವೆ ಎಂದು ಯಾರು ಬೇಕಾದರೂ ಸುಳ್ಳು ಹೇಳಬಹುದು. ಅದಕ್ಕೆ ಅವಳೇ ದಾರಿ ಹುಡುಕಿದಳು. ಪ್ರತಿಯೊಬ್ಬರೂ ತಮ್ಮ ದನಿಯಲ್ಲಿ ಹೆಸರು ಹೇಳಿ, ಮನೆಯ ಮಗುವಿನ ಬಾಯಲ್ಲಿ ಒಂದು ಮಾತು ಆಡಿಸಿ ಗುಂಪಿಗೆ ಕಳಿಸಬೇಕು. ಕೂಸಾದರೆ ಅಳು ಸಾಕು. ಮೊದಲು ನಾವು ಮೂವರೇ ಹಾಕೋಣ, ಇಲ್ಲದಿದ್ದರೆ ಉಳಿದವರು ಯಾಕೆ ಒಪ್ಪುತ್ತಾರೆ?

"ಬೆಗಾಯಿಮ್, ಮೊದಲು ನಿಂದೇ ಹಾಕು. ಯಾವಾಗ್ಲೂ ನನ್ನ ಹುಡುಗ ನನ್ನ ಹುಡುಗ ಅಂತೀಯ, ಅವನ ದನೀನೇ ನಾವು ಕೇಳಿಲ್ಲ."

ನಾನು ಪಾತ್ರೆ ಎತ್ತಿಡುವ ನೆಪದಲ್ಲಿ ಎದ್ದೆ. ಬೆನ್ನ ಹಿಂದೆ ಬೆಗಾಯಿಮ್‌ಳ ಮಾತು ಕೇಳಿಸಿತು.

"ನನ್ನ ಮನೇಲಿ ಮಗು ಇಲ್ಲ."

"ಮತ್ತೆ ಎಲ್ಲಿದಾನೆ?"

"ಅವರವ್ವನ ಹತ್ರ."

ಅಜ್ಜಿಗೆ ಕೊಟ್ಟ ಮಗು ಎಂದು ಮೀರಿಮ್‌ಗೆ ಅರ್ಥವಾಯಿತು. ನಮ್ಮವರಿಗೆ ಅಷ್ಟು ಸಾಕು. ಅವಳು ಮೇಜಿನ ಬಟ್ಟೆಯ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಕೂತಳು. ಆಮೇಲೆ, ದನಿ ಗಿನಿ ಏನೂ ಬೇಡ, ನಿನ್ನೊಬ್ಬಳನ್ನು ಬಿಟ್ಟುಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದಳು. ಕಟ್ಟುನಿಟ್ಟಿನ ಮೀರಿಮ್ ಹಾಗೆ ಹೇಳಿದ್ದು ನನಗೆ ಆಶ್ಚರ್ಯವಾಯಿತು.

ಬೆಗಾಯಿಮ್ ಬೇಡವೆಂದು ತಲೆಯಾಡಿಸಿದಳು. ನೋಡಿಕೊಳ್ಳುವವಳ ದನಿಯೇ ಇಲ್ಲವಲ್ಲ ಎಂದು ಮರುದಿನವೇ ಕೇಳುತ್ತಾರೆ. ಹಾಕಿದರೆ 'ತಿಲೆಕ್‌ನ ಅವ್ವ', ಅಂದರೆ ತನ್ನ ಅತ್ತೆ ಉರ್ಕಿಯಾ, ಆ ದನಿ ಗುರುತಿಸಿ ಗುಂಪನ್ನೇ ಬಿಡುತ್ತಾರೆ. ಮಗುವನ್ನಂತೂ ಎಲ್ಲಿಂದ ತರುವುದು? ಇದನ್ನೆಲ್ಲ ಅವಳು ಲೆಕ್ಕ ಒಪ್ಪಿಸುವ ಹಾಗೆ, ದನಿ ಏರಿಸದೆ ಹೇಳಿದಳು. ತನ್ನ ಮಾತಿನಂತಾದರೆ ತಾನೇ ಹೊರಗಾಗುತ್ತೇನೆ ಎಂಬುದನ್ನು ಭಾನುವಾರಕ್ಕೆ ಮೊದಲೇ ಯೋಚಿಸಿಕೊಂಡು ಬಂದಿದ್ದಳು ಎಂದು ನನಗೆ ಆಗ ಹೊಳೆಯಿತು.

"ನಲವತ್ತೈದು ಅಂತ ಹಾಕಿದ್ರೆ ಅವರು ಹೋಗ್ತಾರೆ. ಅವರು ಹೋದ್ರೆ ಹುಡುಗನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋರ್ಯಾರು? ನಾನು ಹೇಳಿದ್ರೆ ಹೋಗಲ್ಲ. ಇಲ್ಲಿ ನೀವೆಲ್ಲ ಹೇಳಿದ್ರೆ ಹೋಗ್ತಾರೆ."

ನೀನು ಗುಂಪು ಬಿಟ್ಟರೂ ಅತ್ತೆ ಅಲ್ಲಿ ಬರೆದದ್ದನ್ನು ನಾನೇ ನಿನಗೆ ಹೇಳುತ್ತೇನೆ ಎಂದೆ. ಗುಂಪಿನ ಮಾತು ಹೊರಗೆ ಹೋಗಬಾರದು ಎಂಬ ನಿಯಮವನ್ನು ನಾನೇ ಬರೆದಿದ್ದೆ, ಅದನ್ನು ಬಲ್ಲವಳಾಗಿಯೂ ಹೇಳಿದೆ.

"ಬೇಡ ಅಕ್ಕಾ. ನೀವು ಹೇಳಿದ್ರೆ ನಾನು ಸುಮ್ನೆ ಕೂರಲ್ಲ, ಬಸ್ ಹತ್ತಿಬಿಡ್ತೀನಿ. ನಾನು ಹೋಗಿ ನಿಂತ್ರೆ ಅವರು ಬಾಗ್ಲು ಹಾಕ್ಕೋತಾರೆ, ಡಾಕ್ಟ್ರೂ ಇಲ್ಲ ಏನೂ ಇಲ್ಲ. ಗೊತ್ತಿಲ್ದೇ ಇದ್ರೆ ಸುಮ್ನಿರ್ತೀನಿ. ನಂಗೆ ಮಾತು ಕೊಡಿ."

ಕೊಟ್ಟೆ. ಕೊಡಬಾರದಿತ್ತೋ ಏನೋ, ಈಗಲೂ ತಿಳಿಯುತ್ತಿಲ್ಲ.

ನಿಯಮವನ್ನು ಅಲ್ಲೇ ಕೂತು ಬರೆದೆ: ಮನೆಯಲ್ಲಿ ಮಗುವನ್ನು ಸಾಕುತ್ತಿರುವವರಿಗೆ ಮಾತ್ರ, ಹದಿನೆಂಟು ತುಂಬಿರಬೇಕು, ಮೇಲೆ ವಯಸ್ಸಿನ ಮಿತಿಯಿಲ್ಲ. ಬೆಗಾಯಿಮ್ ಓದಿ, ಸರಿಯಾಗಿದೆ ಎಂದಳು. ಆಮೇಲೆ ಫೋನು ಹಿಡಿದು ಕಿಟಕಿಯ ಹತ್ತಿರ ನಿಂತಳು. 'ತಿಲೆಕ್‌ನ ಅವ್ವ' ಬರೆದದ್ದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದಳೆಂದು ಕಾಣುತ್ತದೆ. ಮೀರಿಮ್ ಕೋಟು ಹಾಕಿಕೊಂಡರೂ ಹೊರಡದೆ ಬಾಗಿಲಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ನನ್ನ ಫೋನಿನಲ್ಲಿ, ಸದಸ್ಯರೊಬ್ಬರು ಗುಂಪು ಬಿಟ್ಟಿದ್ದಾರೆ ಎಂದು ಬಂತು.

ಆ ವಾರವೆಲ್ಲ ದನಿಗಳು ಬಂದವು. ಉರ್ಕಿಯಾ ಅವರದೂ ಬಂತು. ನಾನು ಅದನ್ನು ಕೇಳಿದ್ದು ಕಾರ್ಖಾನೆಯಲ್ಲಿ, ಕಿವಿಗೆ ಫೋನಿನ ತಂತಿ ಸಿಕ್ಕಿಸಿಕೊಂಡು. ಪಕ್ಕದಲ್ಲೇ ಬೆಗಾಯಿಮ್ ಅಂಗಿಗೆ ತೋಳು ಜೋಡಿಸುತ್ತಿದ್ದಳು. ನಾನು ಉರ್ಕಿಯಾ, ಐವತ್ತೊಂಬತ್ತು ತುಂಬಿದೆ, ಇವನು ನನ್ನ ಮಗ ಎಂದಿತು ಒರಟು ದನಿ. ಹೆಸರು ಹೇಳೋ ಎಂದು ಅವರು ಎರಡು ಮೂರು ಸಲ ಹೇಳಬೇಕಾಯಿತು. ಆಮೇಲೆ ಹುಡುಗ ಬೆಟ್ಟದಾಚೆಗೆ ಕರೆಯುವವನಂತೆ ಜೋರಾಗಿ, ಮಾತಿನ ಅಂಚುಗಳೆಲ್ಲ ಸವೆದು ಹೋದ ಹಾಗೆ, ತನ್ನ ಹೆಸರು ಕೂಗಿದ. ನಾನು ತಂತಿ ತೆಗೆದು ಜೇಬಿಗೆ ಹಾಕಿದೆ. ಬೆಗಾಯಿಮ್ ನನ್ನ ಕಡೆ ನೋಡದೆ, ಕತ್ತರಿ ಕೊಡಿ ಅಕ್ಕಾ ಎಂದಳು.

ಹಬ್ಬ ಕಳೆಯಿತು. ಉರ್ಕಿಯಾ ಹುಡುಗನನ್ನು ನರೀನ್‌ಗೆ ಕರೆದುಕೊಂಡು ಹೋದರು. ಸಂಜೆ ಗುಂಪಿಗೆ ಬರೆದರು. ಒಂದು ಕಿವಿ ಪೂರಾ ಹೋಗಿದೆ, ಇನ್ನೊಂದರಲ್ಲಿ ಸ್ವಲ್ಪ ಉಳಿದಿದೆ, ಯಂತ್ರ ಹಾಕಿಸಬೇಕಂತೆ, ಮೊದಲೇ ಬರಬೇಕಿತ್ತು ಅಂದರು. ಅದರ ಕೆಳಗೆ ಮತ್ತೆ ಬರೆದಿದ್ದರು: ನಗರದಲ್ಲಿ ನನ್ನ ಸೊಸೆ ಇದ್ದಾಳೆ, ಹೆತ್ತವಳು ಅವಳೇ. ಗೊತ್ತಾದರೆ, ನನ್ನ ಮಗುವನ್ನು ಹಾಳು ಮಾಡಿದಿರಿ ಎಂದು ಕರೆದುಕೊಂಡು ಹೋಗುತ್ತಾಳೆ. ನಾನು ಹೇಗೆ ಬದುಕಲಿ? ಹೇಳದೆ ಇದ್ದರೆ ಪಾಪವೇ?

ಬೇಡ ಎಂದರು ಕೆಲವರು. ಹೇಳಿ ಎಂದರು ಕೆಲವರು. ನಾನು ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಹೇಳಿಬಿಡಿ ಅಕ್ಕಾ, ಅವಳು ನಿಮ್ಮ ಕೈಯಿಂದ ಕಿತ್ತುಕೊಳ್ಳಲಿಕ್ಕಿಲ್ಲ ಎಂದು ಹಾಕಿದೆ. ಅದು ನಿಜವೇ ಎಂದು ನನಗೆ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು, ಊಟದ ಬಿಡುವಿನಲ್ಲಿ ಬೆಗಾಯಿಮ್ ಅತ್ತೆಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ಹಬ್ಬದ ಅಡುಗೆಯ ಬಗ್ಗೆ, ಹಿಮದ ಬಗ್ಗೆ, ಕುರಿ ಮರಿ ಹಾಕಿದ್ದರ ಬಗ್ಗೆ ಕೇಳಿದಳು. ಕಿವಿಯ ಮಾತು ಎತ್ತಲಿಲ್ಲ. ಕೊನೆಗೆ ಹುಡುಗ ಹೇಗಿದ್ದಾನೆ ಎಂದಳು. ಹ್ಞೂಂ ಅವ್ವ, ಹ್ಞೂಂ ಎನ್ನುತ್ತ ಕೇಳಿಸಿಕೊಂಡು ಫೋನು ಕೆಳಗಿಟ್ಟಳು.

"ಚೆನ್ನಾಗಿದಾನಂತೆ."

ನಾನು ಮುಂದಿದ್ದ ಬಟ್ಟೆಯಲ್ಲಿ ಬಿಟ್ಟುಹೋದ ಹೊಲಿಗೆಯೊಂದನ್ನು ಹುಡುಕತೊಡಗಿದೆ.

"ಅಕ್ಕಾ, ಇಲ್ಲಿ ನೋಡಿ" ಎಂದಳು ಬೆಗಾಯಿಮ್.

ನೋಡಿದೆ. ಕೊಟ್ಟ ಮಾತನ್ನೇನೋ ಉಳಿಸಿಕೊಂಡೆ. ಆದರೆ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದು ನನಗೆ ಯಾವತ್ತೂ ಬಂದದ್ದಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಒಂದು ಕಿವಿನಾ, ಎರಡೂನಾ?" ಎಂದಳು ಮೆಲ್ಲಗೆ. ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕೈ ಎತ್ತಿ ತಡೆದಳು. "ಬೇಡ. ಹೇಳ್ಬೇಡಿ. ತೋರ್ಸಕ್ಕೆ ಕರ್ಕೊಂಡು ಹೋಗಿದ್ರಲ್ಲ, ಅಷ್ಟು ಸಾಕು."

ಬಿಡುವು ಮುಗಿದ ಗಂಟೆ ಹೊಡೆಯಿತು. ಎಲ್ಲ ಮಷೀನುಗಳೂ ಒಟ್ಟಿಗೆ ಶುರುವಾದವು. ಬೆಗಾಯಿಮ್ ಎಡಗಿವಿಯ ಮೇಲೆ ಅಂಗೈ ಒತ್ತಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಇನ್ನೊಂದು ಕಿವಿಯನ್ನೂ ಮುಚ್ಚಿಕೊಂಡಳು.