ಉಲ್ಟಾ ಕಡೆಯ ಬೆಸುಗೆ

ನಮ್ಮ ಮನೆಯಲ್ಲಿ ಎದುರುಬದುರು ನಿಂತು ಮಾತಾಡುವ ಅಭ್ಯಾಸ ಯಾವತ್ತೂ ಇರಲಿಲ್ಲ. ನಾನು ಹೊಲಿಗೆ ಕೋಣೆಯಿಂದ ಕೂಗುತ್ತಿದ್ದೆ, ತಂಗಿ ಅಡುಗೆಮನೆಯಿಂದ ಕೂಗಿ ಜವಾಬು ಕೊಡುತ್ತಿದ್ದಳು. ನಡುವೆ ಒಂದು ಗೋಡೆ ಇದೆ ಎಂಬುದನ್ನು ಇಬ್ಬರೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಅವಳ ಗಂಟಲಿಗೆ ಆಪರೇಷನ್ ಆದಮೇಲೆ ಉಳಿದದ್ದು ಪಿಸುಮಾತು ಮಾತ್ರ. ಆಮೇಲೆ ಏನಾದರೂ ಹೇಳಬೇಕೆಂದರೆ ನನ್ನ ಮಿಷನ್ನಿನ ಪಕ್ಕ ಬಂದು ನಿಂತು, ನಾನು ಪೆಡಲ್ ನಿಲ್ಲಿಸುವವರೆಗೆ ಕಾಯುತ್ತಿದ್ದಳು. ಕಾಯುವುದು ಅವಳ ಜಾಯಮಾನವೇ ಅಲ್ಲ. ಅವಳು ಹಾಗೆ ನಿಂತದ್ದನ್ನು ನೋಡಿದಾಗಲೆಲ್ಲ ನಾನು ಸುಮ್ಮಸುಮ್ಮನೆ ಸಿಡುಕುತ್ತಿದ್ದೆ.

ಅವಳು ಗಣಿತದ ಟೀಚರ್. ರಜೆ ಮುಗಿಯುತ್ತ ಬಂದಿತ್ತು. ಹೆಡ್‌ಮೇಡಂ ಕೆಟ್ಟವರೇನಲ್ಲ, ಆದರೆ ಹೇಳಬೇಕಾದದ್ದನ್ನು ಹೇಳಿಬಿಟ್ಟಿದ್ದರು: ಸೋಮವಾರ ಒಂದು ಪಾಠ ಮಾಡಿ ತೋರಿಸಿ, ಕೊನೆಯ ಬೆಂಚಿಗೆ ಕೇಳಿಸಿದರೆ ತರಗತಿ ನಿಮ್ಮದು, ಇಲ್ಲದಿದ್ದರೆ ಲೈಬ್ರರಿ ನೋಡಿಕೊಳ್ಳಿ. "ಅಲ್ಲಿ ಮಾತಾಡಬಾರದು ಅಂತ ಬೋರ್ಡೇ ಇದೆ, ನನಗೆ ಹೇಳಿ ಮಾಡಿಸಿದ ಜಾಗ," ಎಂದು ತಂಗಿ ಪಿಸುಗುಟ್ಟಿ ನಕ್ಕಳು. ನನಗೆ ನಗು ಬರಲಿಲ್ಲ.

ಸೊಂಟಕ್ಕೆ ಕಟ್ಟಿಕೊಳ್ಳುವ ಮೈಕಿನ ಪೆಟ್ಟಿಗೆಯನ್ನು ಅಂಗಡಿಯಿಂದ ತಂದು ನೋಡಿದೆವು. ಅದು ಗಟ್ಟಿ ಗಂಟಲಿನವರಿಗೆ ಮಾಡಿದ್ದು, ಪಿಸುಮಾತನ್ನು ಮೂಸಿಯೂ ನೋಡಲಿಲ್ಲ. ಕೊನೆಗೆ ಮೂಲೆಯ ರೇಡಿಯೋ ರಿಪೇರಿಯವನು ಒಂದು ಚಿತ್ರ ಬರೆದುಕೊಟ್ಟ. ಜೊತೆಗೆ ತೂತುತೂತಿನ ಒಂದು ಪುಟ್ಟ ಬೋರ್ಡು, ಮೈಕು, ಸ್ಪೀಕರು, ಸೊಂಟಕ್ಕೆ ಕಟ್ಟುವ ಖಾಲಿ ಪೆಟ್ಟಿಗೆ, ಬಿಡಿ ಭಾಗಗಳು, ಎಂಟು ಕಾಲಿನ ಒಂದು ಎಲೆಕ್ಟ್ರಾನಿಕ್ ಚಿಪ್ಪು, ಅದನ್ನು ಸಿಕ್ಕಿಸುವ ಗೂಡು.

"ದನಿ ದೊಡ್ಡದು ಮಾಡೋದು ಈ ಚಿಪ್ಪೇ. ನಾನು ಊರಿಂದ ಬಂದ್ಮೇಲೆ ಮಾಡ್ಕೊಡ್ತೀನಿ ಅಕ್ಕ," ಎಂದ.

ಅವನು ಬರುವುದು ಬುಧವಾರ. ನಾನು ಅವನ ಹಳೆಯ ಬೆಸುಗೆ ಕಡ್ಡಿಯನ್ನೂ ಕೇಳಿ ಈಸಿಕೊಂಡೆ. ರವಿಕೆಗೆ ಕಣ್ಣಿಗೆ ಕಾಣದ ಹಾಗೆ ಹೆಮ್ಮಿಂಗ್ ಮಾಡುವ ಕೈಗೆ ಇದೇನು ಬ್ರಹ್ಮವಿದ್ಯೆಯೇ? ಚಿಪ್ಪನ್ನು ಮಾತ್ರ ಇನ್ನೊಂದು ಹೆಚ್ಚಿಗೆ ಕೇಳಿದೆ. ಗುಂಡಿ ಕೊಳ್ಳುವಾಗ ಯಾವಾಗಲೂ ಒಂದು ಹೆಚ್ಚಿಗೆ ತರುವವಳು ನಾನು.

ಭಾನುವಾರ ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಬೋರ್ಡಿನ ಹಿಂಬದಿಯಲ್ಲಿ ಬೆಸುಗೆಯ ಚುಕ್ಕೆಗಳು ಮಣಿ ಪೋಣಿಸಿದ ಹಾಗೆ ಸಾಲಾಗಿ ಹೊಳೆಯುತ್ತಿದ್ದವು. ಬ್ಯಾಟರಿ ಸಿಕ್ಕಿಸಿ ತಂಗಿಯ ಬಾಯಿಗೆ ಮೈಕ್ ಹಿಡಿದೆ. ಸ್ಪೀಕರು ಕಮಕ್ ಕಿಮಕ್ ಎನ್ನಲಿಲ್ಲ.

"ಚೆನ್ನಾಗಿದೆ," ಎಂದು ತಂಗಿ ಪಿಸುಗುಟ್ಟಿದಳು. "ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕು."

ನಾನು ಪೆಟ್ಟಿಗೆಗೆ ಒಂದು ಬಿಗಿದೆ. ಏನೂ ಆಗಲಿಲ್ಲ. ಇನ್ನೊಂದು ಬಿಗಿದೆ. ಅಳು ಬರುವ ಹಾಗಾಗಿ, ಎಲ್ಲವನ್ನೂ ಕಿತ್ತು ಮೊದಲಿಂದ ಮಾಡುತ್ತೇನೆಂದು ಬೆಸುಗೆ ಕಡ್ಡಿ ಎತ್ತಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಕಡ್ಡಿ ಕೆಳಗಿಡು. ಉತ್ತರ ತಪ್ಪಾದ್ರೆ ಮಕ್ಕಳಿಗೆ ಲೆಕ್ಕ ಪೂರ್ತಿ ಅಳಿಸು ಅನ್ನಲ್ಲ ನಾನು. ಉತ್ತರದಿಂದ ಹಿಂದಕ್ಕೆ ಬಾ ಅಂತೀನಿ."

ಅಷ್ಟುದ್ದ ಮಾತಿಗೆ ಅವಳಿಗೆ ಏದುಸಿರು ಬಂತು. ನಾನು ಕಡ್ಡಿ ಕೆಳಗಿಟ್ಟೆ.

ಹಿಂದಿನಿಂದ ಹೊರಟೆವು. ಮೊದಲು ಸ್ಪೀಕರು: ಅದರ ಎರಡು ತಂತಿಗಳನ್ನು ಬಿಡಿಸಿ ಬ್ಯಾಟರಿಗೆ ಒಂದು ಗಳಿಗೆ ತಾಗಿಸಿದೆ, ಟಪ್ ಎಂದಿತು. ಅದಕ್ಕೆ ಜೀವವಿದೆ. ಆಮೇಲೆ ಬ್ಯಾಟರಿಯನ್ನು ನಾಲಗೆಗೆ ಮುಟ್ಟಿಸಿದೆ, ಚುರುಕ್ ಎಂದಿತು. ಅದಕ್ಕೂ ಇದೆ. ಬೆಸುಗೆಗಳನ್ನು ಒಂದೊಂದಾಗಿ ಸೂಜಿಯ ತುದಿಯಿಂದ ಅಲುಗಿಸಿದೆ. ಒಂದೂ ಸಡಿಲವಿರಲಿಲ್ಲ, ಒಂದಕ್ಕೊಂದು ಅಂಟಿಯೂ ಇರಲಿಲ್ಲ. ನನ್ನ ಕೈಕೆಲಸವನ್ನು ಯಾರೂ ಆಡಿಕೊಳ್ಳುವಂತಿರಲಿಲ್ಲ. ಅದೇ ನನಗೆ ಉರಿ. ತಪ್ಪು ಕಂಡಿದ್ದರೆ ಬೈದುಕೊಂಡಾದರೂ ಸರಿಮಾಡಬಹುದಿತ್ತು.

ಉಳಿದದ್ದು ಚಿಪ್ಪು. ತಂಗಿ ಚಿತ್ರವನ್ನೂ ಬೋರ್ಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಮಕ್ಕಳ ಪರೀಕ್ಷೆ ಪೇಪರು ತಿದ್ದುವಾಗಿನ ಹಾಗೆ ತುಟಿ ಕಚ್ಚಿ ಕೂತಳು.

"ಅಕ್ಕ, ಈ ಚಿತ್ರ ನೋಡ್ಕೊಂಡು ಹೇಗೆ ಜೋಡಿಸಿದೆ ಹೇಳು."

"ಹೇಗೆ ಅಂದ್ರೆ? ಎಲ್ಲರ ಹಾಗೆ. ಬೋರ್ಡನ್ನ ಮಗುಚಿ ಹಾಕ್ದೆ, ಚಿತ್ರ ನೋಡಿ ಒಂದನೇ ಕಾಲು, ಎರಡನೇ ಕಾಲು ಅಂತ ಹಿಂದೆ ಗುರುತು ಮಾಡ್ದೆ, ಬೆಸ್ದೆ."

"ಹಿಂದೆ ಯಾಕೆ ಗುರುತು ಮಾಡ್ದೆ?"

"ಗುರುತು ಹಿಂದೆ ಅಲ್ಲದೆ ಮುಂದೆ ಮಾಡ್ತಾರಾ? ಗಿರಾಕಿ ಬಟ್ಟೆ ಮೇಲೆ ಸೀಮೆಸುಣ್ಣ ಕಾಣಬಾರದಲ್ಲ!"

ಬಾಯಿಂದ ಮಾತು ಹೊರಟಮೇಲೆ ನನಗೇ ಏನೋ ಚುಚ್ಚಿದ ಹಾಗಾಯಿತು. ತಂಗಿ ಚಿತ್ರವನ್ನು ಕಿಟಕಿಯ ಗಾಜಿಗೆ ಅಂಟಿಸಿ ಹಿಡಿದಳು, ಬರೆದ ಮುಖ ಹೊರಗೆ. ಬೆಳಕಿನಲ್ಲಿ ಗೆರೆಗಳು ಎಡಬಲ ಅದಲುಬದಲಾಗಿ ಕಂಡವು. ಬೋರ್ಡಿನ ಹಿಂಬದಿ ಹಾಗೆಯೇ ಕಾಣಬೇಕಿತ್ತು. ಚಿತ್ರ ಬರೆದದ್ದು ಚಿಪ್ಪನ್ನು ಮೇಲಿನಿಂದ ನೋಡಿ. ನಾನು ಬಟ್ಟೆಯ ಉಲ್ಟಾ ಕಡೆಗೆ ಗುರುತು ಹಾಕಿದ ಹಾಗೆ, ಬೋರ್ಡಿನ ಉಲ್ಟಾ ಕಡೆಗೆ ಅದನ್ನು ಇದ್ದದ್ದು ಇದ್ದ ಹಾಗೆಯೇ ಇಳಿಸಿದ್ದೆ. ಎಡಗಾಲಿಗೆ ಹೋಗಬೇಕಾದ ತಂತಿಗಳೆಲ್ಲ ಬಲಗಾಲಿಗೆ ಹೋಗಿದ್ದವು. ಒಂದು ಬೆಸುಗೆಯೂ ಕೆಟ್ಟಿರಲಿಲ್ಲ, ಒಂದು ತಂತಿಯೂ ಸರಿಯಿರಲಿಲ್ಲ.

"ಮುಗೀತು," ಎಂದೆ. "ಎಲ್ಲಾ ಕೀಳಬೇಕು. ನಾಳೆ ಬೆಳಗ್ಗೆ ಒಳಗೆ ಆಗೋ ಮಾತಲ್ಲ. ನನ್ನಿಂದ ನಿನ್ನ ಕ್ಲಾಸು ಹೋಯ್ತು ಕಣೆ."

ತಂಗಿ ನನ್ನನ್ನೇ ನೋಡುತ್ತಿದ್ದಳು. "ತೋಳು ಉಲ್ಟಾ ಕೂರಿಸಿಬಿಟ್ರೆ ಏನ್ಮಾಡ್ತೀಯ?"

"ಬಿಚ್ತೀನಿ. ಇಲ್ಲಾಂದ್ರೆ, ಬಟ್ಟೆ ಎರಡೂ ಕಡೆ ಒಂದೇ ಥರ ಇದ್ರೆ, ಆ ಉಲ್ಟಾನೇ ಸೀದಾ ಅಂತ..."

ಅಲ್ಲಿಗೇ ನಿಂತೆ. ಚಿಪ್ಪಿಗೆ ಉಲ್ಟಾ ಯಾವುದು, ಸೀದಾ ಯಾವುದು? ತಂತಿಗಳೆಲ್ಲ ಹಿಂಬದಿಯನ್ನೇ ಮುಂಬದಿ ಎಂದು ನಂಬಿ ಕೂತಿದ್ದರೆ, ಚಿಪ್ಪೂ ಹಿಂಬದಿಗೇ ಹೋಗಿ ಕೂರಲಿ! ಮೇಲಿದ್ದ ಚಿಪ್ಪನ್ನು ಅದರ ಗೂಡಿನಿಂದ ಎಬ್ಬಿಸಿ ತೆಗೆದೆ. ಬೆಂದಿತ್ತೋ ಬದುಕಿತ್ತೋ ಯಾರಿಗೆ ಗೊತ್ತು. ಹೆಚ್ಚಿಗೆ ತಂದಿದ್ದ ಹೊಸದನ್ನು ಬೋರ್ಡಿನ ಹಿಂಬದಿಯಲ್ಲಿ, ಬೆಸುಗೆಗಳ ಮೇಲೇ ನಿಲ್ಲಿಸಿ ಒಂದೊಂದೇ ಕಾಲನ್ನು ಬೆಸೆದೆ. ತಂಗಿ ಇಕ್ಕಳದಿಂದ ಹಿಡಿದುಕೊಂಡಿದ್ದಳು. ನೋಡಲು ಅಸಹ್ಯವಾಗಿತ್ತು. ನನ್ನ ಹೊಲಿಗೆ ಕೋಣೆಯಿಂದ ಇಂಥ ಕೆಲಸ ಆಚೆ ಹೋದರೆ ನಾನು ಬಾಗಿಲು ಹಾಕಿಕೊಂಡುಬಿಡುತ್ತೇನೆ.

ಬ್ಯಾಟರಿ ಸಿಕ್ಕಿಸಿದೆ. ಸ್ಪೀಕರು ಸೊಯ್ ಎಂದಿತು. ಮೈಕಿನ ತಂತಿ ಬಂದು ಸೇರುವ ಕಡೆ ಬೆರಳಿಟ್ಟೆ, ಗುಂಯ್ ಎಂದಿತು.

"ಮಾತಾಡೇ," ಎಂದೆ.

ಅವಳು ಮೈಕನ್ನು ತುಟಿಯ ಹತ್ತಿರ ಹಿಡಿದು ಮೂರರ ಮಗ್ಗಿ ಹೇಳಿದಳು. ಪೆಟ್ಟಿಗೆಯಿಂದ ಒಣಗಿದ, ಗೊರಗೊರ ಎನ್ನುವ ದೊಡ್ಡದೊಂದು ಪಿಸುಮಾತು ಬಂತು. ಅಷ್ಟೇ ಬಂತು. ನನ್ನ ಮುಖ ಬಾಡಿತು. ಅವಳ ಹಳೆಯ ದನಿ ಬರುತ್ತದೆ ಎಂದು ನಾನು ಕಾಯುತ್ತಿದ್ದೆನೆಂದು ಆ ಕ್ಷಣದವರೆಗೆ ನನಗೇ ಗೊತ್ತಿರಲಿಲ್ಲ. ಆ ದನಿ ಸ್ಪೀಕರಿನೊಳಗೆ ಎಲ್ಲೋ ಸಿಕ್ಕಿಕೊಂಡಿದೆ, ಬೆಸುಗೆ ಸರಿಹೋದರೆ ಹೊರಗೆ ಬಂದುಬಿಡುತ್ತದೆ ಎಂದು ವಾರವಿಡೀ ನಂಬಿಕೊಂಡಿದ್ದೆ. ಎಂಥ ದಡ್ಡಿ ನಾನು!

ತಂಗಿಗೆ ಅರ್ಥವಾಯಿತು. ಅವಳು ಮೈಕನ್ನು ಪಕ್ಕಕ್ಕೆ ಸರಿಸಿದಳು.

"ಅದು ಬರಲ್ಲ ಅಕ್ಕ. ಇರೋದು ಇದೇ. ನಾನು ಅತ್ತು ಮುಗಿಸಿದೀನಿ, ನೀನು ಈಗ ಶುರು ಮಾಡ್ಬೇಡ."

ನಾನು ಆದರೂ ಅತ್ತೆ. ಅವಳು ಪೆಟ್ಟಿಗೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಒಳಗೆ ಹೋದಳು. ಮೂಗು ಒರೆಸಿಕೊಂಡು, ಗಿರಾಕಿಯ ರವಿಕೆ ಬಾಕಿಯಿದೆ ಎಂದು ಮಿಷನ್ನಿಗೆ ಕೂತೆ. ಪೆಡಲ್ ತುಳಿದೆ. ಮಿಷನ್ ಕಟಕಟ ಓಡತೊಡಗಿತು.

"ಅಕ್ಕಾ!"

ಅಡುಗೆಮನೆಯಿಂದ, ಗೋಡೆಯ ಆಚೆಯಿಂದ, ಮಿಷನ್ನಿನ ಸದ್ದನ್ನೂ ದಾಟಿ ಬಂದಿತ್ತು ಆ ಗೊಗ್ಗರು ದನಿ. "ಸಕ್ಕರೆ ಡಬ್ಬ ಎಲ್ಲಿಟ್ಟು ಸತ್ತೆ?"

ನಾನು ಪೆಡಲ್ ನಿಲ್ಲಿಸಲಿಲ್ಲ.

"ಕಣ್ಣೆದುರಿಗೇ ಇದೆ, ನೆಟ್ಟಗೆ ನೋಡೇ!" ಎಂದು ಕೂತಲ್ಲಿಂದಲೇ ಕೂಗಿದೆ.